ವಿಡಿಯೋ ಗೇಮ್‌ಗೆ ಒಳ್ಳೆಯ ಕ್ಲೈಮ್ಯಾಕ್ಸ್ ಅಂದರೆ ಯಾವುದು?

2012ರ ಮಾರ್ಚ್ ತಿಂಗಳಲ್ಲಿ ಕೆನಡಾದ ಎಡ್ಮಂಟನ್ ನಗರದಲ್ಲಿರುವ ಬಯೋವೇರ್ ಎಂಬ ಗೇಮ್ ಕಂಪನಿಯ ಕಚೇರಿಗೆ ಸುಮಾರು 400 ಕಪ್‌ಕೇಕ್‌ಗಳು ಬಂದವು. ಕಳಿಸಿದವರು ಅವರದೇ ಗೇಮ್‌ನ ಅಭಿಮಾನಿಗಳು. ಕೇಕ್ ಮೇಲಿನ ಕ್ರೀಮ್ ಮೂರು ಬಣ್ಣಗಳಲ್ಲಿತ್ತು: ಕೆಂಪು, ನೀಲಿ, ಹಸಿರು. ಆದರೆ ಯಾವ ಬಣ್ಣದ್ದನ್ನು ಎತ್ತಿಕೊಂಡರೂ ರುಚಿ ಒಂದೇ, ವೆನಿಲ್ಲಾ. ನೋಡುವುದಕ್ಕೆ ಅದು ಉಡುಗೊರೆ, ಅಸಲಿಗೆ ಒಂದು ದೂರು.

ಆ ಗೇಮ್‌ನ ಹೆಸರು ಮಾಸ್ ಎಫೆಕ್ಟ್ 3. ಮೂರು ಭಾಗಗಳಲ್ಲಿ ಬಂದ ಈ ಕತೆಯನ್ನು ಪೂರ್ತಿ ಆಡಲು ನೂರು ಗಂಟೆಯ ಆಸುಪಾಸು ಬೇಕು. ಅದರ ಕೊನೆಯ ಹತ್ತು ಹದಿನೈದು ನಿಮಿಷಗಳಿಗಾಗಿ ಅಭಿಮಾನಿಗಳು ಕಂಪನಿಯ ಮೇಲೆ ಮುನಿದುಕೊಂಡರು. ಒಬ್ಬರಂತೂ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೇ ದೂರು ಕೊಟ್ಟರು. ಗೇಮ್ ಆಡದವರಿಗೆ ಇದು ಅತಿರೇಕ ಅನ್ನಿಸುವುದು ಸಹಜ. ಸಿನಿಮಾದ ಕ್ಲೈಮ್ಯಾಕ್ಸ್ ಹಿಡಿಸದಿದ್ದರೆ ನಾವು ಬೈದುಕೊಂಡು ಮನೆಗೆ ಹೋಗುತ್ತೇವೆ, ಊಟ ಮಾಡಿ ಮಲಗುತ್ತೇವೆ. ಇವರಿಗೇನಾಯಿತು?

ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಗೇಮ್‌ನ ಅಂತ್ಯ ಯಾಕೆ ತೃಪ್ತಿ ಕೊಡುತ್ತದೆ, ಯಾಕೆ ಕೊಡುವುದಿಲ್ಲ ಎಂಬುದೂ ಗೊತ್ತಾಗುತ್ತದೆ. ಮುಂದೆ ಓದುವ ಮೊದಲು ಒಂದು ಎಚ್ಚರಿಕೆ: ಮಾಸ್ ಎಫೆಕ್ಟ್, ರೆಡ್ ಡೆಡ್ ರಿಡೆಂಪ್ಶನ್, ಬ್ರದರ್ಸ್, ನಿಯರ್ ಆಟೋಮೇಟಾ, ಪೋರ್ಟಲ್ ಮತ್ತು ವೈಸ್ ಸಿಟಿ ಗೇಮ್‌ಗಳ ಕೊನೆ ಈ ಲೇಖನದಲ್ಲಿ ಬಯಲಾಗುತ್ತದೆ. ಆಡಬೇಕು ಅಂದುಕೊಂಡಿದ್ದರೆ ಆಡಿ ಮುಗಿಸಿ ಬನ್ನಿ.

ಮೊದಲು ಆಟಗಳಿಗೆ ಕೊನೆಯೇ ಇರಲಿಲ್ಲ

ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಕಾಲದಲ್ಲಿ ಗೇಮ್ 'ಮುಗಿಯುವುದು' ಅಂದರೆ ನೀವು ಸೋಲುವುದು ಎಂದೇ ಅರ್ಥ. ನೀವು ಬೇಗ ಸೋತಷ್ಟೂ ಯಂತ್ರದ ಮಾಲೀಕರಿಗೆ ಲಾಭ. ಹಾಗಾಗಿ ಆಟ ಕಷ್ಟವಾಗುತ್ತಾ ಹೋಗುತ್ತಿತ್ತೇ ಹೊರತು ಎಲ್ಲೂ ನಿಲ್ಲುತ್ತಿರಲಿಲ್ಲ. 1980ರ ಪ್ಯಾಕ್-ಮ್ಯಾನ್‌ಗೆ ಒಂದು ಕೊನೆ ಇದೆ, ಆದರೆ ಅದು ಯಾರೂ ಬಯಸಿ ಇಟ್ಟದ್ದಲ್ಲ. ಹಂತಗಳನ್ನು ಎಣಿಸಲು ಅದರಲ್ಲಿ 8 ಬಿಟ್‌ಗಳ ಜಾಗವಷ್ಟೇ ಇತ್ತು. ಅದರಲ್ಲಿ 0ಯಿಂದ 255ರವರೆಗೆ ಮಾತ್ರ ಎಣಿಸಬಹುದು. 256ನೇ ಹಂತಕ್ಕೆ ಬಂದವರಿಗೆ ಲೆಕ್ಕ ತಪ್ಪಿ, ಪರದೆಯ ಬಲಗಡೆ ಅರ್ಧ ಭಾಗದ ತುಂಬ ಅಕ್ಷರ, ಚಿಹ್ನೆಗಳ ಕಸ ಕಾಣಿಸುತ್ತಿತ್ತು. ಅಲ್ಲಿಂದ ಮುಂದೆ ದಾರಿಯಿಲ್ಲ.

ಆಟಗಳು ಮನೆಯ ಟಿವಿಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಕ್ಯಾಸೆಟ್‌ಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಮತ್ತೆ ಮತ್ತೆ ನಾಣ್ಯ ಹಾಕಬೇಕಿಲ್ಲ. ಸೂಪರ್ ಮಾರಿಯೋ ಬ್ರದರ್ಸ್ (1985) ಗೇಮ್‌ನಲ್ಲಿ ರಾಜಕುಮಾರಿ ಸಿಗುವುದು 8ನೇ ಲೋಕದ ಕೋಟೆಯಲ್ಲಿ. ಅದಕ್ಕೂ ಮೊದಲಿನ ಏಳು ಕೋಟೆಗಳಲ್ಲಿ ಆಕೆ ಬೇರೆ ಕಡೆ ಇದ್ದಾಳೆ ಎಂಬ ಉತ್ತರ ಕೇಳಿಯೇ ಮುಂದೆ ಹೋಗಬೇಕು. ನಮ್ಮಲ್ಲಿ ಜಾತ್ರೆಯಲ್ಲೋ ಫ್ಯಾನ್ಸಿ ಸ್ಟೋರ್‌ನಲ್ಲೋ ಕೊಂಡ ನಕಲಿ ಕನ್ಸೋಲ್‌ಗಳಲ್ಲಿ ಇದನ್ನು ಆಡಿದ ಎಷ್ಟೋ ಮಕ್ಕಳು ಆ 8ನೇ ಕೋಟೆಯನ್ನು ನೋಡಿಯೇ ಇಲ್ಲ. ಆಟವನ್ನು ಸೇವ್ ಮಾಡುವ ವ್ಯವಸ್ಥೆ ಅದರಲ್ಲಿರಲಿಲ್ಲ. ಕರೆಂಟ್ ಹೋಯಿತೆಂದರೆ ಮತ್ತೆ ಮೊದಲಿಂದ ಶುರು.

ಆ ಕಾಲದ ಅಂತ್ಯಗಳು ತೀರಾ ಸರಳ. ನಾಲ್ಕು ಸಾಲಿನ ಅಭಿನಂದನೆ, ಒಂದು ಚಿತ್ರ, ಒಂದಿಷ್ಟು ಸಂಗೀತ, ಅಷ್ಟೇ. ಆದರೂ ಮುಗಿಸಿದವರು ಕುಣಿದಾಡುತ್ತಿದ್ದರು. ಅಲ್ಲಿ ತೃಪ್ತಿ ಬಂದದ್ದು ಕತೆಯಿಂದಲ್ಲ. ಕೈಗೆ ಆಗದ ಕೆಲಸವೊಂದು ಕೊನೆಗೂ ಕೈಗೆ ಬಂದದ್ದರಿಂದ.

ಕೊನೆಗೆ ಅಷ್ಟು ಬೆಲೆ ಯಾಕೆ?

ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಭಾಗವಹಿಸಿದವರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಅದ್ದಿ ಇಡಬೇಕಿತ್ತು. ಇನ್ನೊಮ್ಮೆ ಅದೇ 60 ಸೆಕೆಂಡ್, ಜೊತೆಗೆ ಇನ್ನೂ 30 ಸೆಕೆಂಡ್. ಈ ಹೆಚ್ಚುವರಿ 30 ಸೆಕೆಂಡ್‌ಗಳಲ್ಲಿ ನೀರನ್ನು ಮೆಲ್ಲನೆ 15 ಡಿಗ್ರಿಗೆ ಏರಿಸುತ್ತಿದ್ದರು. ಆಗಲೂ ಅದು ಕೊರೆಯುವ ನೀರೇ, ಸ್ವಲ್ಪ ಕಡಿಮೆ ಕೊರೆಯುತ್ತದೆ ಅಷ್ಟೇ. ಎರಡರಲ್ಲಿ ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದು ಕೇಳಿದಾಗ 32 ಮಂದಿಯಲ್ಲಿ 22 ಮಂದಿ ಉದ್ದದ್ದನ್ನೇ ಆರಿಸಿಕೊಂಡರು. ಅಂದರೆ ಹೆಚ್ಚು ಹೊತ್ತು ನೋವಾದದ್ದನ್ನು!

ನಮ್ಮ ನೆನಪು ಒಂದು ಅನುಭವದ ನಿಮಿಷ ನಿಮಿಷವನ್ನೂ ಕೂಡಿ ಲೆಕ್ಕ ಹಾಕುವುದಿಲ್ಲ. ಅತಿ ತೀವ್ರವಾದ ಗಳಿಗೆ ಮತ್ತು ಕೊನೆಯ ಗಳಿಗೆ, ಇವೆರಡಕ್ಕೇ ಹೆಚ್ಚು ತೂಕ ಕೊಡುತ್ತದೆ. ಮದುವೆಮನೆಯಲ್ಲಿ ಎಲ್ಲವೂ ಚೆನ್ನಾಗಿ ನಡೆದು, ಕೊನೆಗೆ ಬೀಗರ ನಡುವೆ ಒಂದು ಜಗಳವಾದರೆ ವರ್ಷಗಟ್ಟಲೆ ಜನ ಮಾತಾಡುವುದು ಆ ಜಗಳದ ಬಗ್ಗೆಯೇ ಅಲ್ಲವೇ?

ಆದರೆ ಇದನ್ನು ಗೇಮ್‌ಗೆ ಹಾಗೇ ಅಂಟಿಸಿಬಿಡಬಾರದು. ಒಂದೂವರೆ ನಿಮಿಷದ ತಣ್ಣೀರು ಬೇರೆ, ತಿಂಗಳುಗಟ್ಟಲೆ ಆಡಿದ ಆಟ ಬೇರೆ. ಕೊನೆ ಕೆಟ್ಟರೆ ನೆನಪು ಕೆಡುತ್ತದೆ ಎಂಬುದನ್ನು ಇದು ಹೇಳುತ್ತದೆ, ಸರಿ. ಗೇಮ್‌ನ ಕೊನೆ ಯಾವುದರಿಂದ ಕೆಡುತ್ತದೆ ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಮಾಸ್ ಎಫೆಕ್ಟ್ ಕತೆಗೇ ವಾಪಸ್ ಬರಬೇಕು.

ಒಂದೇ ಕಂಪನಿ, ಎರಡು ಕ್ಲೈಮ್ಯಾಕ್ಸ್

ಈ ಸರಣಿಯ ನಾಯಕ ಅಥವಾ ನಾಯಕಿ ಕಮಾಂಡರ್ ಶೆಪರ್ಡ್. ಹೆಸರು, ಮುಖ, ಸ್ವಭಾವ ಎಲ್ಲ ನೀವು ಹೇಳಿದಂತೆ. ರೀಪರ್ ಎಂಬ ದೈತ್ಯ ಯಂತ್ರಗಳು ಪ್ರತಿ 50,000 ವರ್ಷಕ್ಕೊಮ್ಮೆ ಬಂದು ನಕ್ಷತ್ರಲೋಕದ ನಾಗರಿಕತೆಗಳನ್ನೆಲ್ಲ ಅಳಿಸಿಹಾಕುತ್ತವೆ. ಅವುಗಳನ್ನು ತಡೆಯುವುದು ನಿಮ್ಮ ಕೆಲಸ. 2007ರಲ್ಲಿ ಮೊದಲ ಭಾಗ ಬಂದಾಗ ಇದರ ದೊಡ್ಡ ಆಕರ್ಷಣೆ ಏನಾಗಿತ್ತೆಂದರೆ, ಇದರಲ್ಲಿ ನೀವು ತೆಗೆದುಕೊಂಡ ತೀರ್ಮಾನಗಳು ಸೇವ್ ಫೈಲ್ ಮೂಲಕ ಮುಂದಿನ ಭಾಗಕ್ಕೂ ಬರುತ್ತವೆ. ಮೊದಲ ಭಾಗದಲ್ಲಿ ಇಬ್ಬರು ಸಂಗಾತಿಗಳಲ್ಲಿ ಒಬ್ಬರನ್ನಷ್ಟೇ ಉಳಿಸಿಕೊಳ್ಳುವ ಸಂದರ್ಭವಿದೆ. ನೀವು ಉಳಿಸಿಕೊಂಡವರು ಐದು ವರ್ಷದ ನಂತರ ಬಂದ ಮೂರನೆಯ ಭಾಗದಲ್ಲಿ ನಿಮ್ಮೆದುರು ನಿಂತು ಮಾತಾಡುತ್ತಾರೆ. ಸತ್ತವರು ಸತ್ತೇ ಇರುತ್ತಾರೆ.

2010ರಲ್ಲಿ ಬಂದ ಎರಡನೆಯ ಭಾಗದ ಕ್ಲೈಮ್ಯಾಕ್ಸ್ ಅನ್ನು ಗೇಮ್ ವಿನ್ಯಾಸದ ಪಾಠದಂತೆ ಓದಬಹುದು. ವಾಪಸ್ ಬರುವ ಖಾತ್ರಿಯಿಲ್ಲದ ಒಂದು ದಾಳಿ ಅದು. ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ ಎಂಬುದು ಆಟದುದ್ದಕ್ಕೂ ನೀವು ಮಾಡಿದ ಕೆಲಸಗಳ ಮೇಲೆ ನಿಂತಿದೆ. ಹಡಗಿನ ಕವಚ ಬಲಪಡಿಸದೆ ಬಿಟ್ಟಿದ್ದರೆ ಶತ್ರುವಿನ ನೆಲೆ ತಲುಪುವ ಮೊದಲೇ ಒಬ್ಬರು ಹೋಗುತ್ತಾರೆ. ಸಂಗಾತಿಯ ಮನೆಕಷ್ಟಕ್ಕೆ ನೀವು ಕಿವಿಗೊಟ್ಟಿರದಿದ್ದರೆ ಕೊನೆಯ ಗಳಿಗೆಯಲ್ಲಿ ಅವರ ಮನಸ್ಸು ಎಲ್ಲೋ ಇರುತ್ತದೆ, ಏಟು ಬೀಳುತ್ತದೆ. ಕಿರಿದಾದ ಕೊಳವೆಯೊಳಗೆ ನುಗ್ಗಿ ಬಾಗಿಲು ತೆರೆಯಲು ತಂತ್ರಜ್ಞಾನ ಗೊತ್ತಿರುವವರನ್ನೇ ಕಳಿಸಬೇಕು. ತಪ್ಪಾದವರನ್ನು ಕಳಿಸಿದರೆ ಅವರ ಸಾವು ನಿಮ್ಮ ತಲೆಗೇ. ತೀರಾ ನಿರ್ಲಕ್ಷ್ಯ ಮಾಡಿ ಆಡಿದ್ದರೆ ಶೆಪರ್ಡ್ ಕೂಡ ಸಾಯಬಹುದು. ಇಲ್ಲಿ ಹೊಸ ಸಾಹಸವನ್ನೇನೂ ಕೇಳುವುದಿಲ್ಲ. ಇಷ್ಟು ದಿನ ನಿಮ್ಮ ಜನರನ್ನು ಎಷ್ಟು ಅರಿತುಕೊಂಡಿರಿ ಎಂದಷ್ಟೇ ಕೇಳುತ್ತದೆ.

ಎರಡು ವರ್ಷದ ನಂತರ ಅದೇ ಕಂಪನಿ ಮೂರನೆಯ ಭಾಗವನ್ನು ಹೇಗೆ ಮುಗಿಸಿತು ನೋಡಿ. ಆಟದುದ್ದಕ್ಕೂ ನೀವು ಗಳಿಸಿದ ಸ್ನೇಹ, ಸೈನ್ಯ, ಹಡಗು ಎಲ್ಲವೂ ಒಂದು ಪಟ್ಟಿಗೆ ಸೇರಿ ಒಂದು ಸಂಖ್ಯೆಯಾಗುತ್ತವೆ. ಮೊದಲ ಭಾಗದಲ್ಲಿ ಒಂದು ಜೀವಕುಲದ ಕೊನೆಯ ರಾಣಿಯನ್ನು ಕೊಲ್ಲುವುದೋ ಬಿಡುವುದೋ ಎಂದು ಎಷ್ಟೋ ಜನ ನಿಮಿಷಗಟ್ಟಲೆ ಯೋಚಿಸಿ ತೀರ್ಮಾನ ಮಾಡಿದ್ದರು. ಕೊಂದಿದ್ದರೂ ಇಲ್ಲಿ ಅದರ ಬದಲಿಗೆ ಇನ್ನೊಂದು ಬಂದು ಕೂತಿರುತ್ತದೆ. ಕಟ್ಟಕಡೆಗೆ ಆವರೆಗೆ ಪರಿಚಯವೇ ಇಲ್ಲದ ಪಾತ್ರವೊಂದು ಪುಟ್ಟ ಹುಡುಗನ ರೂಪದಲ್ಲಿ ಬಂದು ಮೂರು ಆಯ್ಕೆ ಕೊಡುತ್ತದೆ. ರೀಪರ್‌ಗಳನ್ನು ನಾಶ ಮಾಡು, ಇಲ್ಲವೇ ಹತೋಟಿಗೆ ತೆಗೆದುಕೋ, ಇಲ್ಲವೇ ಯಂತ್ರ ಮತ್ತು ಜೀವಿಗಳನ್ನು ಬೆಸೆದುಬಿಡು. ಮೂರರಲ್ಲಿ ಯಾವುದನ್ನು ಆರಿಸಿದರೂ ಹೆಚ್ಚುಕಡಿಮೆ ಅದೇ ದೃಶ್ಯಗಳು, ಬದಲಾಗುವುದು ಸ್ಫೋಟದ ಬಣ್ಣ. ಕೆಂಪು, ನೀಲಿ, ಹಸಿರು. ಕಪ್‌ಕೇಕ್‌ಗಳ ಗುಟ್ಟು ಈಗ ತಿಳಿಯಿತಲ್ಲ.

ನನ್ನ ಪ್ರಕಾರ ಬಣ್ಣಕ್ಕಿಂತ ದೊಡ್ಡ ತಪ್ಪು ಬೇರೆಯದೇ ಇದೆ. ಯಂತ್ರಗಳೂ ಜೀವಿಗಳೂ ಎಂದಿಗೂ ಕೂಡಿ ಬಾಳಲಾರರು, ಅದಕ್ಕೇ ಈ ಸಂಹಾರ ಎಂದು ಆ ಹುಡುಗ ವಾದಿಸುತ್ತಾನೆ. ಆದರೆ ಅದೇ ಆಟದಲ್ಲಿ ಕೆಲವೇ ಗಂಟೆಗಳ ಹಿಂದೆ, ಮುನ್ನೂರು ವರ್ಷ ದ್ವೇಷ ಸಾಧಿಸಿದ ಗೆತ್ ಎಂಬ ಯಂತ್ರಕುಲಕ್ಕೂ ಅವನ್ನು ಸೃಷ್ಟಿಸಿದ ಕ್ವೇರಿಯನ್ ಜನರಿಗೂ ನೀವು ರಾಜಿ ಮಾಡಿಸಿರಬಹುದು. ಅದು ಸುಲಭದ ಕೆಲಸವಲ್ಲ, ಹಿಂದಿನ ಭಾಗದಿಂದಲೇ ಸರಿಯಾದ ಹೆಜ್ಜೆಗಳನ್ನು ಇಟ್ಟಿರಬೇಕು. ಅಷ್ಟೆಲ್ಲ ಮಾಡಿದವರು ಆ ಹುಡುಗನಿಗೆ "ನೋಡು, ನಾನು ಇಲ್ಲೇ ಮಾಡಿ ತೋರಿಸಿದೆನಲ್ಲ" ಎಂದು ಹೇಳಲು ಗೇಮ್ ಬಿಡಲಿಲ್ಲ. ಮೂರು ಭಾಗಗಳಲ್ಲಿ ನೀವು ಹೆಚ್ಚು ಬಳಸಿದ ಆಯುಧವೇ ಮಾತು. ಅಂತಿಮ ಹೊತ್ತಿನಲ್ಲಿ ಅದನ್ನೇ ಕಿತ್ತುಕೊಂಡರು.

ಸಾಲದ್ದಕ್ಕೆ, ಎಲ್ಲ ಮುಗಿದ ಮೇಲೆ ಪರದೆಯ ಮೇಲೆ ಒಂದು ಸಂದೇಶ. ಶೆಪರ್ಡ್ ದಂತಕತೆಯಾಗಿದ್ದಾನೆ, ಆ ಕತೆಯನ್ನು ಇನ್ನಷ್ಟು ಬೆಳೆಸಲು ಮುಂದೆ ಬರುವ ಹೆಚ್ಚುವರಿ ಭಾಗಗಳನ್ನು ಆಡಿ ಎಂಬರ್ಥದ್ದು. ತಿಥಿಯ ಊಟದಲ್ಲಿ ಚೀಟಿ ವ್ಯವಹಾರದ ಮಾತೆತ್ತಿದ ಹಾಗೆ.

ಜಾನೆಟ್ ಮರ್ರೆ ಎಂಬ ವಿದ್ವಾಂಸೆ 1997ರಲ್ಲೇ ಡಿಜಿಟಲ್ ಕಥನದ ಬಗ್ಗೆ ಬರೆದ ಪುಸ್ತಕದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಪರಿಕಲ್ಪನೆಯಿದೆ. ಕನ್ನಡದಲ್ಲಿ ಕರ್ತೃತ್ವ ಅನ್ನಬಹುದು. ಅರ್ಥಪೂರ್ಣವಾದ ಒಂದು ಕೆಲಸ ಮಾಡಿ, ಅದರ ಫಲವನ್ನು ಕಣ್ಣಾರೆ ಕಂಡಾಗ ಸಿಗುವ ಸಂತೋಷ ಅದು. ಗುಂಡಿ ಒತ್ತುವುದಷ್ಟೇ ಕರ್ತೃತ್ವವಲ್ಲ, ಫಲ ಕಾಣಬೇಕು. ಎರಡನೆಯ ಭಾಗದ ಕೊನೆ ಪೂರ್ತಿ ಫಲವೇ. ಮೂರನೆಯದರಲ್ಲಿ ಉಳಿದದ್ದು ಗುಂಡಿ ಮಾತ್ರ.

ದುಃಖಾಂತ್ಯ ಎಂಬ ಕಾರಣಕ್ಕೆ ಸಿಟ್ಟು ಬಂತೇ?

ಆಗ ಹಲವರು ಕೊಟ್ಟ ವಿವರಣೆ ಇದು: ಆಟಗಾರರಿಗೆ ನಾಯಕ ಸಾಯುವುದು ಇಷ್ಟವಿಲ್ಲ, ಅವರಿಗೆ ಸುಖಾಂತ್ಯ ಬೇಕು, ಅದಕ್ಕೇ ಗಲಾಟೆ. ಈಗಲೂ ಗೇಮ್‌ಗಳ ಬಗ್ಗೆ ಈ ಮಾತು ಚಾಲ್ತಿಯಲ್ಲಿದೆ. ಇದು ನಿಜವಲ್ಲ ಅನ್ನುವುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ.

ರೆಡ್ ಡೆಡ್ ರಿಡೆಂಪ್ಶನ್ (2010) ಗೇಮ್‌ನ ನಾಯಕ ಜಾನ್ ಮಾರ್ಸ್ಟನ್ ಹಳೆಯ ದರೋಡೆಕೋರ. ಸರ್ಕಾರದವರು ಅವನ ಹೆಂಡತಿ ಮಗನನ್ನು ಒತ್ತೆಯಿಟ್ಟುಕೊಂಡು, ಹಿಂದಿನ ಜೊತೆಗಾರರನ್ನು ಬೇಟೆಯಾಡಲು ಕಳಿಸುತ್ತಾರೆ. ಕೆಲಸ ಮುಗಿಸಿ ಅವನು ಊರಿಗೆ ಮರಳಿದಾಗ ಆಟ ಮುಗಿಯಿತು ಅಂದುಕೊಳ್ಳುತ್ತೀರಿ, ಮುಗಿಯುವುದಿಲ್ಲ. ದನ ಮೇಯಿಸುವುದು, ಮಗನನ್ನು ಬೇಟೆಗೆ ಕರೆದೊಯ್ಯುವುದು, ಇಂಥ ಮನೆಗೆಲಸಗಳೇ ಒಂದಷ್ಟು ಹೊತ್ತು ನಡೆಯುತ್ತವೆ. ಬೇಸರ ಬರುವಷ್ಟು ನಿಧಾನ. ಆಮೇಲೆ ಸೈನ್ಯ ಬರುತ್ತದೆ. ಹೆಂಡತಿ ಮಗನನ್ನು ಕುದುರೆ ಹತ್ತಿಸಿ ಕಳಿಸಿ, ಜಾನ್ ಕೊಟ್ಟಿಗೆಯ ಬಾಗಿಲು ತೆರೆದು ಹೊರಗೆ ಬರುತ್ತಾನೆ. ಎದುರಿಗೆ ಸಾಲಾಗಿ ನಿಂತ ಬಂದೂಕುಗಳು. ಸಮಯವನ್ನು ನಿಧಾನಗೊಳಿಸಿ ಗುರಿಯಿಡುವ, ಆಟದುದ್ದಕ್ಕೂ ನಿಮ್ಮನ್ನು ಉಳಿಸಿದ ಶಕ್ತಿಯನ್ನು ಆಟವೇ ಆಗ ನಿಮ್ಮ ಕೈಗೆ ಕೊಡುತ್ತದೆ. ನೀವು ಎಷ್ಟೇ ಚುರುಕಾಗಿದ್ದರೂ ಅಷ್ಟೂ ಜನರನ್ನು ಹೊಡೆಯಲಾಗುವುದಿಲ್ಲ. ಇಲ್ಲಿ ಆಯ್ಕೆ ಇಲ್ಲ, ಗೆಲುವಿಲ್ಲ. ಆದರೂ ಇದನ್ನು ಗೇಮ್ ಚರಿತ್ರೆಯ ಒಳ್ಳೆಯ ಅಂತ್ಯಗಳಲ್ಲೊಂದು ಎಂದು ಜನ ಇಂದಿಗೂ ನೆನೆಯುತ್ತಾರೆ. ಸೋಲುವಾಗಲೂ ಆ ಟ್ರಿಗರ್ ನಿಮ್ಮ ಬೆರಳಲ್ಲೇ ಇರುತ್ತದೆ, ಅದೇ ಕಾರಣ.

ಇನ್ನೂ ಚೊಕ್ಕ ಉದಾಹರಣೆ 2013ರ ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್. ಕಾಯಿಲೆ ಬಿದ್ದ ಅಪ್ಪನಿಗೆ ಮದ್ದು ತರಲು ಹೊರಟ ಅಣ್ಣತಮ್ಮಂದಿರ ಕತೆ. ಮೂರು ನಾಲ್ಕು ಗಂಟೆಯ ಪುಟ್ಟ ಆಟ. ಕಂಟ್ರೋಲರ್‌ನ ಎಡಭಾಗ ಅಣ್ಣನಿಗೆ, ಬಲಭಾಗ ತಮ್ಮನಿಗೆ. ಇಬ್ಬರನ್ನೂ ಒಬ್ಬರೇ ನಡೆಸಬೇಕು. ತಮ್ಮನಿಗೆ ನೀರೆಂದರೆ ಭಯ, ಈಜಬೇಕಾದಲ್ಲಿ ಅಣ್ಣನ ಬೆನ್ನೇರುತ್ತಾನೆ. ದಾರಿಯಲ್ಲಿ ಅಣ್ಣ ಸಾಯುತ್ತಾನೆ. ಮದ್ದು ಹಿಡಿದು ಒಬ್ಬನೇ ಮರಳುವ ತಮ್ಮನ ಮುಂದೆ ನೀರು ಅಡ್ಡ ಬರುತ್ತದೆ. ಬಲಗೈಯ ಗುಂಡಿ ಒತ್ತುತ್ತೀರಿ, ಅವನು ಮುಂದೆ ಹೋಗುವುದಿಲ್ಲ. ಏನು ಮಾಡುವುದೆಂದು ತೋಚದೆ, ಇಷ್ಟು ಹೊತ್ತು ಸುಮ್ಮನೆ ಬಿದ್ದಿದ್ದ ಎಡಗೈಯ ಗುಂಡಿಯನ್ನು, ಅಂದರೆ ಅಣ್ಣನ ಗುಂಡಿಯನ್ನು ಒತ್ತಿದಾಗ ತಮ್ಮ ಈಜತೊಡಗುತ್ತಾನೆ. ಒಂದು ಮಾತಿಲ್ಲ. ಆ ಆಟದವರು ಆಡುವುದೇ ಯಾರಿಗೂ ಅರ್ಥವಾಗದ ಕಲ್ಪಿತ ಭಾಷೆ. ಆದರೂ ಅಣ್ಣ ತಮ್ಮನೊಳಗೆ ಉಳಿದಿದ್ದಾನೆ ಎಂಬುದು ನಿಮ್ಮ ಎಡಗೈ ಬೆರಳಿಗೆ ಗೊತ್ತಾಗುತ್ತದೆ. ಸಿನಿಮಾ ಇದನ್ನು ಮಾಡಲಾರದು.

ಅಂತ್ಯಗಳು ಹೆಚ್ಚಿದ್ದರೆ ತೃಪ್ತಿಯೂ ಹೆಚ್ಚೇ?

ಇದು ಇನ್ನೊಂದು ತಪ್ಪು ನಂಬಿಕೆ. ಅದನ್ನು ಬೆಳೆಸಿದ್ದರಲ್ಲಿ ಗೇಮ್ ಕಂಪನಿಗಳ ಜಾಹೀರಾತಿನ ಪಾಲೂ ಇದೆ. ನಿಯರ್ ಆಟೋಮೇಟಾ (2017) ಗೇಮ್‌ಗೆ ಎ ಇಂದ ಝೆಡ್‌ವರೆಗೆ 26 ಅಂತ್ಯಗಳಿವೆ. ಅವುಗಳಲ್ಲಿ ಹೆಚ್ಚಿನವು ತಮಾಷೆಗೆ ಇಟ್ಟವು. ನಿಮ್ಮ ಪಾತ್ರ ಮೀನು ತಿಂದು ಸತ್ತರೂ ಒಂದು ಅಂತ್ಯ ಎಂದು ಲೆಕ್ಕ. ಜನ ಮಾತಾಡುವುದು ಬಹುತೇಕ ಇ ಎಂಬ ಒಂದರ ಬಗ್ಗೆಯೇ. ಅದರಲ್ಲಿ ಗೇಮ್ ಮಾಡಿದವರ ಹೆಸರುಗಳ ಪಟ್ಟಿ ಮೇಲಿಂದ ಇಳಿಯುತ್ತಾ ನಿಮ್ಮ ಮೇಲೆ ಗುಂಡಿನ ಮಳೆ ಸುರಿಸುತ್ತದೆ. ನೀವು ಮತ್ತೆ ಮತ್ತೆ ಸಾಯುತ್ತೀರಿ, ಬಿಟ್ಟುಬಿಡುತ್ತೀಯಾ ಎಂದು ಆಟ ಕೇಳುತ್ತದೆ. ಹಟ ಬಿಡದಿದ್ದರೆ ಎಲ್ಲಿಂದಲೋ ಬೇರೆ ಆಟಗಾರರ ಹಡಗುಗಳು ಬಂದು ನಿಮ್ಮ ಸುತ್ತ ನಿಂತು ಗುಂಡಿಗೆ ಅಡ್ಡವಾಗುತ್ತವೆ. ಗೆದ್ದ ಮೇಲೆ ಒಂದು ಪ್ರಶ್ನೆ ಬರುತ್ತದೆ: ನಿನ್ನಂತೆಯೇ ಒದ್ದಾಡುತ್ತಿರುವ ಅಪರಿಚಿತರಿಗೆ ನೆರವಾಗುತ್ತೀಯಾ? ಹೌದಾದರೆ ನಿನ್ನ ಸೇವ್ ಫೈಲ್‌ಗಳೆಲ್ಲ ಅಳಿಸಿಹೋಗುತ್ತವೆ. ನಿಮಗೆ ಅಡ್ಡನಿಂತ ಹಡಗುಗಳೂ ಹಾಗೆ ಎಲ್ಲವನ್ನೂ ಬಿಟ್ಟುಕೊಟ್ಟವರದ್ದೇ ಎಂಬುದು ಆಗ ಅರಿವಾಗುತ್ತದೆ.

ಹತ್ತಾರು ಗಂಟೆಗಳ ಗಳಿಕೆಯನ್ನು ಅಳಿಸಿಹಾಕುವುದು ತೃಪ್ತಿ ಹೇಗಾದೀತು? ರಿಚರ್ಡ್ ರಯಾನ್ ಮತ್ತು ಸಂಗಡಿಗರು 2006ರಲ್ಲಿ ಗೇಮ್ ಆಡುವವರನ್ನು ಅಧ್ಯಯನ ಮಾಡಿ, ಆಟದ ಖುಷಿಯನ್ನು ಮೂರು ಮಾನಸಿಕ ಅಗತ್ಯಗಳಿಗೆ ಜೋಡಿಸಿದರು. ನನ್ನಿಂದ ಆಗುತ್ತದೆ ಎಂಬ ಸಾಮರ್ಥ್ಯದ ಭಾವ, ನಾನೇ ತೀರ್ಮಾನಿಸಿದೆ ಎಂಬ ಸ್ವಾತಂತ್ರ್ಯದ ಭಾವ, ಇನ್ನೊಬ್ಬರೊಡನೆ ನಂಟು. ಆ ಅಧ್ಯಯನ ಅಂತ್ಯಗಳ ಬಗ್ಗೆ ಮಾಡಿದ್ದಲ್ಲ. ಆದರೂ ಈ ಕೊನೆಗೆ ಅದನ್ನು ಹಿಡಿದು ನೋಡಿದರೆ ಮೂರೂ ಒಟ್ಟಿಗೆ ಕಾಣುತ್ತವೆ. ಬೇಡ ಅನ್ನುವ ಹಕ್ಕು ನಿಮಗಿದೆ, ಬೇಡ ಅಂದರೆ ಆಟ ಬೈಯುವುದೂ ಇಲ್ಲ.

ಹಾಗೆಯೇ ಕೊನೆಯ ಬಾಸ್ ಭಯಂಕರ ಕಷ್ಟವಾಗಿರಲೇಬೇಕು ಎಂದೇನೂ ಇಲ್ಲ. ಪೋರ್ಟಲ್ (2007) ಗೇಮ್‌ನ ಕೊನೆಯ ಎದುರಾಳಿ ಗ್ಲಾಡೋಸ್ ಅಷ್ಟೇನೂ ಕಷ್ಟವಲ್ಲ. ಗೋಡೆಗೆ ಎರಡು ತೂತು ತೆರೆದು ಒಂದರಿಂದ ಹೊಕ್ಕಿದ್ದು ಇನ್ನೊಂದರಿಂದ ಹೊರಬರುವಂತೆ ಮಾಡುವ ವಿದ್ಯೆಯನ್ನು ಆಟದುದ್ದಕ್ಕೂ ಕಲಿಸಿ, ಕೊನೆಗೆ ಅವಳು ಹಾರಿಸಿದ ರಾಕೆಟ್ಟನ್ನು ಅವಳಿಗೇ ತಿರುಗಿಸಲು ಬಿಡುತ್ತದೆ.

ತಿದ್ದಿ ಕೊಟ್ಟರೆ ಸರಿಹೋಗುತ್ತದೆಯೇ?

ಅಭಿಮಾನಿಗಳ ಒತ್ತಾಯಕ್ಕೆ ಅಂತ್ಯ ಬದಲಿಸಿದರೆ ಕಲೆಗೆ ಏನು ಬೆಲೆ ಎಂದು 2012ರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಹಾಗೆ ನೋಡಿದರೆ ಇದು ಹೊಸದಲ್ಲ. ಚಾರ್ಲ್ಸ್ ಡಿಕನ್ಸ್ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಕಾದಂಬರಿಯ ಕೊನೆಯನ್ನು ಸ್ನೇಹಿತನೊಬ್ಬನ ಸಲಹೆ ಕೇಳಿ ಅಚ್ಚಾಗುವ ಮೊದಲೇ ಬದಲಿಸಿದ್ದ. ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ಕೊಂದ ಷರ್ಲಾಕ್ ಹೋಮ್ಸ್‌ನನ್ನು ಹತ್ತು ವರ್ಷದ ಬಳಿಕ ಬದುಕಿಸಿ ಕರೆತಂದ. ಬಯೋವೇರ್ ಅಭಿಮಾನಿಗಳೂ ಬರೀ ಕಿರುಚಾಡಿದವರಲ್ಲ. ಅವರ ಆಂದೋಲನ ಮಕ್ಕಳ ಆಸ್ಪತ್ರೆಗಳಿಗೆ ನೆರವಾಗುವ ಚೈಲ್ಡ್ಸ್ ಪ್ಲೇ ಎಂಬ ಸಂಸ್ಥೆಗೆ 80,000 ಡಾಲರ್‌ಗೂ ಹೆಚ್ಚು ಹಣ ಕೂಡಿಸಿತು. ಜೊತೆಗೆ, ಎ, ಬಿ, ಸಿ ಎಂದು ಎಣಿಸಬಹುದಾದಂಥ ಅಂತ್ಯ ಇದಲ್ಲ ಎಂದು ಬಿಡುಗಡೆಗೆ ಮುಂಚೆ ನಿರ್ದೇಶಕರೇ ಸಂದರ್ಶನದಲ್ಲಿ ಹೇಳಿದ್ದರು. ಹಾಗಾಗಿ ಮಾತು ತಪ್ಪಿದರು ಎಂಬ ದೂರಿನಲ್ಲಿ ಹುರುಳಿತ್ತು. ಆದರೆ ಸರ್ಕಾರಿ ಸಂಸ್ಥೆಯವರೆಗೆ ಹೋದದ್ದು ನನಗೂ ಅತಿಯೆನ್ನಿಸುತ್ತದೆ.

ಜೂನ್ ಕೊನೆಯಲ್ಲಿ ಕಂಪನಿ ಎಕ್ಸ್‌ಟೆಂಡೆಡ್ ಕಟ್ ಎಂಬ ಹೆಚ್ಚುವರಿ ಭಾಗವನ್ನು ಉಚಿತವಾಗಿ ಕೊಟ್ಟಿತು. ಕೊನೆಯ ತೀರ್ಮಾನದಿಂದ ಯಾರ ಬದುಕು ಏನಾಯಿತು ಎಂಬ ವಿವರಗಳು ಬಂದವು. ಆ ಹುಡುಗನಿಗೆ ಹೆಚ್ಚು ಪ್ರಶ್ನೆ ಕೇಳಲು ಅವಕಾಶ ಸಿಕ್ಕಿತು. ಮೂರೂ ಬೇಡ ಎಂದು ನಿರಾಕರಿಸುವ ನಾಲ್ಕನೆಯ ದಾರಿಯೂ ಸೇರಿತು. ಗಾಯಕ್ಕೆ ಪಟ್ಟಿ ಕಟ್ಟಿದಂತಾಯಿತು, ಮಾಯಲಿಲ್ಲ.

ಅಚ್ಚರಿಯೆಂದರೆ, ಹೆಚ್ಚು ಕೆಲಸ ಮಾಡಿದ್ದು 2013ರ ಮಾರ್ಚ್‌ನಲ್ಲಿ ಬಂದ ಸಿಟಡೆಲ್ ಎಂಬ ಇನ್ನೊಂದು ಹೆಚ್ಚುವರಿ ಭಾಗ. ಅದು ಅಂತ್ಯವನ್ನು ಮುಟ್ಟುವುದೇ ಇಲ್ಲ. ಶೆಪರ್ಡ್‌ಗೆ ಒಂದು ಮನೆ ಸಿಗುತ್ತದೆ, ಅಲ್ಲಿ ಬದುಕುಳಿದ ಗೆಳೆಯರನ್ನೆಲ್ಲ ಕರೆದು ಒಂದು ಪಾರ್ಟಿ ಮಾಡುತ್ತೀರಿ. ಯಾರನ್ನು ಕರೆಯಬೇಕು ಎಂಬುದು ನಿಮಗೆ ಬಿಟ್ಟದ್ದು. ಯಾರು ಬರಬಲ್ಲರು ಎಂಬುದು ಮೂರು ಭಾಗಗಳಲ್ಲಿ ನೀವು ಯಾರನ್ನು ಉಳಿಸಿಕೊಂಡಿರಿ ಎಂಬುದರ ಮೇಲೆ ನಿಂತಿದೆ. ಬೆಳಗ್ಗೆ ಎದ್ದು, ಸೋಫಾದ ಮೇಲೆ ಬಿದ್ದುಕೊಂಡವರನ್ನೆಲ್ಲ ಮಾತಾಡಿಸಿ ಹೊರಡುವುದು. ಎಷ್ಟೋ ಅಭಿಮಾನಿಗಳು ನಿಜವಾದ ಅಂತ್ಯ ಇದೇ ಅನ್ನುತ್ತಾರೆ.

ಕೊನೆಗೆ ಒಂದು ಮಾತು, ಗೇಮ್ ಮುಗಿಸದೇ ಬಿಡುವವರ ಬಗ್ಗೆ. ಪಿಸಿ ಗೇಮ್ ಮಾರುವ ಸ್ಟೀಮ್‌ನಲ್ಲಿ ಎಷ್ಟು ಶೇಕಡಾ ಜನ ಯಾವ ಘಟ್ಟ ತಲುಪಿದರು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಉದ್ದದ ಗೇಮ್‌ಗಳಲ್ಲಿ ಕೊನೆ ಮುಟ್ಟಿದವರು ಅರ್ಧಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಅಂಥವರಿಗೆ ಯೂಟ್ಯೂಬ್ ಇದೆ. ನಾನೂ ಅವರಲ್ಲಿ ಒಬ್ಬಳೇ. ಹೈಸ್ಕೂಲಿನಲ್ಲಿದ್ದಾಗ ಅಣ್ಣನ ಜೊತೆ ಸೈಬರ್ ಕೆಫೆಗೆ ಹೋಗಿ ಜಿಟಿಎ ವೈಸ್ ಸಿಟಿ ಆಡುತ್ತಿದ್ದೆ. ಆಟಿಕೆ ಹೆಲಿಕಾಪ್ಟರ್‌ನಲ್ಲಿ ಬಾಂಬ್ ಒಯ್ದು, ಕಟ್ಟುತ್ತಿರುವ ಕಟ್ಟಡದೊಳಗೆ ಇಡುವ ಆ ಮಿಷನ್ ನಿಮಗೂ ನೆನಪಿರಬಹುದು. ನಮ್ಮಿಬ್ಬರಿಗೂ ಅದನ್ನು ದಾಟಲು ಆಗಲೇ ಇಲ್ಲ. ಕಳೆದ ವರ್ಷ ಕ್ಲೈಮ್ಯಾಕ್ಸ್ ಅನ್ನು ವಿಡಿಯೋದಲ್ಲಿ ನೋಡಿದೆ. ಟಾಮಿಯ ಬಂಗಲೆಯೊಳಗೆ ಗುಂಡಿನ ಕಾಳಗ, ಗೆಳೆಯನ ದ್ರೋಹ, ಹಳೆಯ ಬಾಸ್‌ನ ಸಾವು, ಎಲ್ಲ ಇದೆ. ಏನೂ ಅನ್ನಿಸಲಿಲ್ಲ. ಅಣ್ಣನಿಗೆ ಲಿಂಕ್ ಕಳಿಸಿದೆ. ಅವನು ನೋಡಲೇ ಇಲ್ಲ, ಆ ಹೆಲಿಕಾಪ್ಟರ್ ಮಿಷನ್ ಮೊದಲು ಮುಗಿಸೋಣ ಅಂತ ಉತ್ತರ ಬರೆದ.